ನೀಲಿ ಕೋಟು, ಒಂಬತ್ತು ವ್ಯಾಟು

ಟೈಲರ್‌ನ ಹಳೇ ಬಲ್ಬು ಬೆಳಕಿಗಿಂತ ಶಾಖವನ್ನೇ ಹೆಚ್ಚು ಕೊಡುತ್ತಿತ್ತು. ಕಿಟಕಿಯಿಲ್ಲದ ಕೋಣೆಯಲ್ಲಿ ಇಪ್ಪತ್ತು ವರ್ಷ ಅದರ ಕೆಳಗೇ ಕೂತು ಅವನ ಬೋಳುತಲೆ ಕಾದ ಹೆಂಚಾಗಿತ್ತು. ಆದರೂ ಬಟ್ಟೆಯ ಬಣ್ಣಕ್ಕೆ ದಾರ ಹೊಂದಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಅದೇ ಅವನ ಹೆಮ್ಮೆ, ಅದೇ ಅವನ ಅನ್ನ.

"ಇವತ್ತು ಆ ಬಲ್ಬ್ ಹೋಗ್ಬೇಕು, ಇಲ್ಲ ನಾನು ಹೋಗ್ತೀನಿ," ಅಂದಳು ಹೆಂಡತಿ. ಕ್ಷಣಹೊತ್ತು ಯೋಚಿಸಿ ಟೈಲರ್ ಚಪ್ಪಲಿ ಮೆಟ್ಟಿದ.

"ಕರೆಂಟ್ ಉಳಿಸೋದು ಬೇಕಾ? ಬಿಳಿ ಬೆಳಕೋ, ಹಳದಿಯೋ?" ಎಂದು ಬಲ್ಬಿನಂಗಡಿ ಯಜಮಾನರು ಕೇಳಿದ್ದೇ ತಡ, ಅಲ್ಲಿದ್ದವರೆಲ್ಲ ಬಾಯಿ ಹಾಕಿದರು.

"ಬಿಳಿ ತಗೊಳ್ಳಯ್ಯಾ, ಅಕ್ಷರ ಚೆನ್ನಾಗಿ ಕಾಣುತ್ತೆ," ಅಂದರು ಪಕ್ಕದ ಮನೆ ಮೇಷ್ಟ್ರು.

"ಅವನೇನು ಓದ್ತಾನಾ, ಹೊಲೀತಾನಾ?" ಇಸ್ತ್ರಿ ಅಕ್ಕ ನಡುವೆ ನುಗ್ಗಿದಳು. "ಬಿಳಿ ಹಾಕಿದ್ರೆ ಸುಕ್ಕೆಲ್ಲ ಎದ್ದು ಕಾಣುತ್ತೆ, ಗಿರಾಕಿಗಳು ನನ್ನ ಬೈತಾರೆ. ಹಳದೀನೇ ತಗೋ ತಮ್ಮಾ."

ಅಕ್ಕನ ಗಂಟಲು ದೊಡ್ಡದು. ಒಂಬತ್ತು ವ್ಯಾಟಿನ ಹಳದಿ ಬಲ್ಬು ಟೈಲರ್‌ನ ಕೈಗೆ ಬಂತು.

"ಸಂಜೆ ನನ್ನ ಕೋಟು ಮರೀಬೇಡ," ಎಂದರು ಯಜಮಾನರು. "ನಾಳೆ ಹೊಸ ಅಂಗಡಿ ಶುರು. ಕೋಟು ಒಪ್ಪಿದ್ರೆ ನನ್ನ ಕೆಲಸದವರ ಬಟ್ಟೆಯೆಲ್ಲ ನೀನೇ ಹೊಲಿ."

ಹೊಸ ಬಲ್ಬಿನ ಕೆಳಗೆ ತಲೆ ತಣ್ಣಗಿತ್ತು. ಟೈಲರ್ ಹಾಡು ಗುನುಗುತ್ತ ನೀಲಿ ಕೋಟಿಗೆ ದಾರ ಆರಿಸಿದ, ಜೇಬಿನ ಅಂಚು ಹೊಲಿದ, ಗುಂಡಿಗಳಿಗೆ ಕಾಜಾ ಕಟ್ಟಿದ. ಹೆಂಡತಿ ಅದನ್ನು ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದಳು.

"ಇದೇನ್ರೀ, ನೀಲಿ ಕೋಟಿಗೆ ನೇರಳೆ ದಾರ!"

ಬಲ್ಬಿನ ಕೆಳಗೆ ಅಪ್ಪಟ ನೀಲಿಯಾಗಿ ಕಂಡಿದ್ದ ದಾರವನ್ನು ಟೈಲರ್ ಬಿಸಿಲಲ್ಲಿ ಬಗ್ಗಿ ನೋಡಿದ. "ಹಳೇ ಬಲ್ಬ್ ಎಲ್ಲಿ?"

"ಗುಜರಿಯವನಿಗೆ ಕೊಟ್ಟೆ."

"ಬಡಕೊಂಡೆ, ಬಿಳಿ ತಗೋ ಅಂತ," ಎಂದರು ಗೋಡೆಯಾಚೆಯಿಂದ ಮೇಷ್ಟ್ರು.

ದಾರದ ಡಬ್ಬಿ ಹೊತ್ತು ಟೈಲರ್ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತ. ನೇರಳೆ ಹೊಲಿಗೆಯನ್ನೆಲ್ಲ ಬಿಚ್ಚಿದ, ಒಂದೊಂದೇ ಉಂಡೆ ಹಿಡಿದು ನೋಡಿ ಸರಿಯಾದ ನೀಲಿ ಆರಿಸಿದ, ಮತ್ತೆ ಹೊಲಿದ. ಕೊನೆಯ ಕಾಜಾ ಮುಗಿಯುವುದಕ್ಕೂ ಸೂರ್ಯ ಮುಳುಗುವುದಕ್ಕೂ ಸರಿಹೋಯಿತು. ಬೆನ್ನು ಬಿಲ್ಲಾಗಿದ್ದರೂ ಅವನಿಗೆ ಸಮಾಧಾನವಾಯಿತು.

ಯಜಮಾನರು ಬಂದು, ಕೋಟು ತೊಟ್ಟು, ಬಲ್ಬಿನ ಕೆಳಗೆ ಕನ್ನಡಿ ಮುಂದೆ ನಿಂತರು.

"ಏನಯ್ಯಾ ಇದು, ನೀಲಿಗೆ ಹಸಿರು ದಾರ?"

ಟೈಲರ್ ಕಣ್ಣುಜ್ಜಿಕೊಂಡ. ದಾರ ಹಸಿರಾಗಿಯೇ ಕಾಣುತ್ತಿತ್ತು. "ಯಜಮಾನ್ರೇ, ತಪ್ಪು ದಾರದ್ದಲ್ಲ, ನಿಮ್ಮ ಬಲ್ಬಿಂದು. ಹಗಲಲ್ಲಿ ನೋಡಿ, ಸರಿಯಾಗಿದೆ."

"ಹಗಲು ಕಟ್ಕೊಂಡು ನಂಗೇನಯ್ಯಾ? ನಾಳೆ ಪೂರ್ತಿ ಅಂಗಡಿ ಒಳಗೇ ಇರ್ತೀನಿ. ಅಲ್ಲಿ ಇದೇ ಬಲ್ಬ್ ನಲವತ್ತು ಹಾಕ್ಸಿದೀನಿ. ಇದರ ಕೆಳಗೆ ಯಾವ ದಾರ ಒಪ್ಪುತ್ತೋ ಅದನ್ನೇ ಹಾಕಿ ಬೆಳಿಗ್ಗೆ ಕಳಿಸು."

ಅವರು ಹೋದ ಮೇಲೆ ಟೈಲರ್ ಬೆಳಗಿನ ನೇರಳೆ ಉಂಡೆ ಹುಡುಕಿದ. ಹೆಂಡತಿ ಕತ್ತರಿ ತಂದುಕೊಟ್ಟಳು. ಇಸ್ತ್ರಿ ಅಕ್ಕ ಬಾಗಿಲಲ್ಲಿ ಇಣುಕಿದಳು.

"ನೋಡಿದ್ಯಾ ತಮ್ಮಾ, ಹಳದಿ ತಗೊಂಡಿದ್ದು ಎಷ್ಟು ಒಳ್ಳೇದಾಯ್ತು!"

ಟೈಲರ್ ಮೊದಲನೇ ಕಾಜಾ ಬಿಚ್ಚತೊಡಗಿದ. ಬಲ್ಬು ತಣ್ಣಗೇ ಇತ್ತು. ತಲೆ ಮಾತ್ರ ಹಳೇ ಹೆಂಚಿನ ಹಾಗೆ ಕಾದಿತ್ತು.