ಮೇನ್ ಸ್ವಿಚ್ ಪಕ್ಕದ ಸೊಸೆ

ಸೊಸೆಯ ಜೀವ ಹಿಂಡುವ ಅತ್ತೆಯರು ಊರಿಗೊಬ್ಬರಲ್ಲ, ಓಣಿಗೊಬ್ಬರು ಸಿಗುತ್ತಾರೆ. ಆದರೆ ಪ್ರತಿ ಭಾನುವಾರ ತಮ್ಮ ಜೀವವನ್ನೇ ಸೊಸೆಯ ಕೈಗೆ ಕೊಟ್ಟು, 'ಹಿಡಕೋ' ಎನ್ನುವ ಅತ್ತೆಯನ್ನು ಎಲ್ಲಾದರೂ ಕಂಡಿದ್ದೀರಾ? ಕಂಡಿರಲಾರಿರಿ! ಅಂಥವರು ಇರುವುದೇ ಒಬ್ಬರು. ಅವರೂ ನನ್ನ ಪಾಲಿಗೇ ಬಂದರು.

ತೊಂಬತ್ತರ ದಶಕದ ಮಾತು. ಸೇಡಂನಿಂದ ಶಹಾಬಾದಿಗೆ ಸೊಸೆಯಾಗಿ ಬರುವಾಗ ನಾನು ತಂದದ್ದು ಎರಡೇ: ಅಪ್ಪ ಕೊಡಿಸಿದ ಮಿಕ್ಸರ್, ಹುಟ್ಟಿನಿಂದ ಬಂದ ಅಂಜಿಕೆ. ಗುಡುಗು, ಹಲ್ಲಿ, ಡಾಕ್ಟರು, ಯಾವುದಕ್ಕೆ ಅಂಜುತ್ತಿರಲಿಲ್ಲ ಕೇಳಿ! ಎಲ್ಲಕ್ಕಿಂತ ಹೆಚ್ಚು ಕರೆಂಟಿಗೆ. ತವರಿನಲ್ಲಿ ದೀಪದ ಸ್ವಿಚ್ಚನ್ನೂ ಲಟ್ಟಣಿಗೆಯಿಂದಲೇ ಒತ್ತುತ್ತಿದ್ದೆ.

ನಮ್ಮತ್ತೆ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಅಕ್ಕೋರು. ಮನೆಯ ಮುಂದಿನ, ಫರಸಿ ಕಲ್ಲು ಹಾಸಿದ ಖೋಲಿಯನ್ನು ಭಾನುವಾರ ಊರಿಗೇ ಬಿಟ್ಟುಕೊಟ್ಟಿದ್ದರು. ಕೆಟ್ಟ ಸಾಮಾನನ್ನು ಯಾರು ಬೇಕಾದರೂ ತರಬಹುದು. ಅಕ್ಕೋರು ರಿಪೇರಿ ಮಾಡಿಕೊಡುತ್ತಾರೆ ಅಂದುಕೊಂಡಿರೋ, ಕೆಟ್ಟಿರಿ! ತಂದವರೇ ಬಿಚ್ಚಬೇಕು, ಒಳಗೇನಿದೆ ನೋಡಬೇಕು, ತಾವೇ ಜೋಡಿಸಬೇಕು. ಅತ್ತೆ ಪಕ್ಕದಲ್ಲಿ ಕೂತು, "ಬಿಚ್ಚರಿ, ಬಿಚ್ಚರಿ, ಅದೇನ್ ಹುಲಿ ಅಲ್ಲ" ಎನ್ನುತ್ತಿದ್ದರು ಅಷ್ಟೆ. ಊರು ಅದಕ್ಕೆ 'ಬಿಚ್ಚೋ ಖೋಲಿ' ಎಂದು ಹೆಸರಿಟ್ಟಿತ್ತು.

ಬಂದ ವಾರವೇ ಅತ್ತೆ ನನ್ನ ಲಟ್ಟಣಿಗೆ ಪ್ರಯೋಗವನ್ನು ಕಣ್ಣಾರೆ ಕಂಡರು. ಮುಗುಳ್ನಕ್ಕು ಹೋದರು. ಅದೇ ನನಗೆ ಇನ್ನಷ್ಟು ಭಯ! ಭಾನುವಾರ ಬಂತು. ಕೈಹಿಡಿದು ಖೋಲಿಯ ಮೂಲೆಗೆ ಕರೆದೊಯ್ದರು. ಅಲ್ಲಿತ್ತು ಕಬ್ಬಿಣದ ಡಬ್ಬಿಯ ಮೇನ್ ಸ್ವಿಚ್.

"ನಿನಗ ಕರೆಂಟಿಂದು ಅಂಜಿಕಿ ಭಾಳ ಅದ ಅಲಾ?"

"ಹೌದ್ರಿ ಅತ್ತಿ."

"ಛಲೋ ಆತು! ಇಲ್ಲೇ ನಿಂದ್ರು. ಯಾರರೆ ಒದರಿದ್ರ, ನಡುಗಿದ್ರ, ಏನೂ ಕೇಳಬ್ಯಾಡ. ಖಟ್ ಅಂತ ಹಿಡಿಕಿ ಕೆಳಗ ಎಳಿ."

"ಕುಂತು ಎಳಿಲೇನ್ರಿ?"

"ಕುಂದ್ರಬ್ಯಾಡ! ಕುಂತಾಕಿಗೆ ನಿದ್ದಿ ಬರತದ."

ಕಾಲಿಗೆ ರಬ್ಬರ್ ಚಪ್ಪಲಿ, ಚಪ್ಪಲಿಯ ಕೆಳಗೆ ಕಟ್ಟಿಗೆಯ ಮಣೆ. ಮೊನ್ನೆಯಷ್ಟೇ ಮದುವೆಯಲ್ಲಿ ಮಣೆ ಏರಿದ್ದೆ, ಈಗ ಮತ್ತೊಮ್ಮೆ! ಮೇಜಿನ ಮೇಲೆ ನೋಡುತ್ತೇನೆ, ನನ್ನದೇ ಹೊಸ ಮಿಕ್ಸರ್. ನನ್ನ ಯಜಮಾನರಿಗೂ ಆಶ್ಚರ್ಯ. "ಇಷ್ಟು ದಿನ ಅವ್ವ ಬರೇ ಗಡಿಯಾರ, ಕೀಲಿ, ಬ್ಯಾಟರಿ ಬಿಚ್ಚಸ್ತಿದ್ಲು. ಈಗ ಕರೆಂಟಿಗೇ ಕೈ ಹಾಕ್ಯಾಳ" ಎನ್ನುತ್ತಾ ಚಹಾ ಹಿಡಿದು ಹೊರಗೆ ಹೋದರು. ಗಂಡಸರ ಧೈರ್ಯವೇ ಧೈರ್ಯ!

ಕರೆಂಟು ಹರಿಯುವ ತಂತಿಗೆ ಅತ್ತೆ ಟೆಸ್ಟರ್ ಹಚ್ಚಿದಾಗಲೆಲ್ಲ ನಾನು ಹಿಡಿಕೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದೆ. ಅವರಿಗೆ ಏನಾದರೂ ಆದರೆ? ಅತ್ತೆ ಹೋದರೆಂಬ ದುಃಖ ಒಂದು ಕಡೆ, ಊರ ಬಾಯಿ ಇನ್ನೊಂದು ಕಡೆ. 'ಸ್ವಿಚ್ ಸೊಸಿ ಕೈಯಾಗೇ ಇತ್ತಂತ, ಎಳೀಲಿಲ್ಲಂತ!' ಯಾವ ಪೊಲೀಸಿನವನು ನನ್ನನ್ನು ನಂಬುತ್ತಾನೆ, ನೀವೇ ಹೇಳಿ! ಹೀಗಾಗಿ ನಾನು ಯಾರೋ ಸೀನಿದಾಗಲೂ ಎಳೆದೆ. ಕುಕ್ಕರ್ ಕೂಗಿದಾಗಲೂ ಎಳೆದೆ. ಬೀದಿಯಲ್ಲಿ ಬದನೆಕಾಯಿ ಮಾರುವವಳು ಒದರಿದಾಗ ಎರಡೂ ಕೈಯಿಂದ ಎಳೆದೆ. ಬಂದವರು ಮುಸಿಮುಸಿ ನಗುತ್ತಿದ್ದರು. ಅತ್ತೆ ಮಾತ್ರ ಒಮ್ಮೆಯೂ ಬಯ್ಯಲಿಲ್ಲ.

"ಬರೋಬ್ಬರಿ ಮಾಡಿದಿ. ಸೀನಿಗೆ ಎಳದಾಕಿ ಶಾಕಿಗೆ ಎಳಿಯಂಗಿಲ್ಲೇನು?" ಎನ್ನುತ್ತಿದ್ದರು.

ಓಣಿಯ ಹೆಂಗಸರ ಲೆಕ್ಕವೇ ಬೇರೆ. "ಎಂಥಾ ಅತ್ತಿ ಅದಾಳ ನೋಡ್ರಿ, ಹೊಸ ಸೊಸಿನ್ನ ಕುಂದ್ರಾಕೂ ಬಿಡವಲ್ಲಳು" ಎಂದು ಮರುಗುತ್ತಿದ್ದರು. ನಾನೂ ಒಳಗೊಳಗೇ ಹೌದೌದು ಎನ್ನುತ್ತಿದ್ದೆ!

ಒಂದು ಭಾನುವಾರ ಪಕ್ಕದ ಮನೆಯ ಆಚಾರ್ಯರ ತಾಯಿ ಬಾಗಿಲಿಗೆ ಬಂದರು. ಆಗಷ್ಟೇ ಮಿಂದು, ನೀರು ತೊಟ್ಟಿಕ್ಕುವ ಒದ್ದೆ ಸೀರೆಯಲ್ಲೇ ಮಡಿಯಲ್ಲಿದ್ದರು. "ಯಾರೂ ಮುಟ್ಟಬ್ಯಾಡ್ರಿ, ಮಡಿಯಾಗ ಇದ್ದೀನಿ" ಎನ್ನುತ್ತಾ ಸೀದಾ ಒಳಗೆ ಬಂದೇಬಿಟ್ಟರು. ಮೇಜಿನ ಮೇಲೆ ಅವರ ಮನೆಯದೇ ರೇಡಿಯೊ, ಬೆನ್ನು ಬಿಚ್ಚಿಕೊಂಡು, ಕರೆಂಟು ಹರಿಯುತ್ತಾ ಕೂತಿದೆ.

"ಇದರಾಗ ಹಾಡೋದು ಯಾವುದವಾ?" ಎಂದು ಒದ್ದೆ ಬೆರಳು ಚಾಚಿದರು.

"ಅಜ್ಜೀ!" ಖೋಲಿಗೆ ಖೋಲಿಯೇ ಒದರಿತು. ಆದರೆ ಹಿಡಿಯುವವರು ಯಾರು? ಮಡಿ! ಚಾಚಿದ ಕೈಗಳೆಲ್ಲ ಗಾಳಿಯಲ್ಲೇ ನಿಂತವು. ನನ್ನ ಕೈ ಮಾತ್ರ ನನ್ನನ್ನು ಕೇಳದೆ ಹಿಡಿಕೆ ಎಳೆದಿತ್ತು. ಅಜ್ಜಿಯ ಬೆರಳು ಸತ್ತ ತಂತಿಯ ಮೇಲೆ ಆರಾಮವಾಗಿ ಕೂತಿತು. ಅವರು ಎಲ್ಲರನ್ನೂ ಒಮ್ಮೆ ನೋಡಿ, "ಭಾಳ ಛಲೋ ಮಂದಿ ಇದ್ದೀರಿ. ಇಷ್ಟು ಗದ್ದಲದಾಗೂ ಒಬ್ಬರೂ ನನ್ನ ಮುಟ್ಟಲಿಲ್ಲ!" ಎಂದು ಹರಸಿ ಹೊರಟುಹೋದರು.

ಅವತ್ತು ಅತ್ತೆಯ ಕೈಯಲ್ಲಿ ಚಹಾದ ಕಪ್ಪು-ಬಸಿ ಗಿಲಗಿಲ ಎನ್ನುತ್ತಿದ್ದವು. ಸಿಟ್ಟಿರಬೇಕು ಅಂದುಕೊಂಡು ನಾನು ಅಡುಗೆಮನೆ ಸೇರಿದೆ.

ಇಷ್ಟಕ್ಕೇ ನಿಂತಿದ್ದರೆ ಬದುಕಿಕೊಳ್ಳುತ್ತಿದ್ದೆ. ಅತ್ತೆ 'ಅಂಜಿಕೆ ಬಿಡಿಸುವ ಕಾರ್ಯಕ್ರಮ' ಎಂದು ಹೊಸದೊಂದನ್ನು ಹುಟ್ಟುಹಾಕಿದರು. ವಾಡಿ, ಚಿತ್ತಾಪುರ, ಗುಂಡಗುರ್ತಿ, ಚಂದಾಪುರ, ಎಲ್ಲಿ ಕರೆದರೂ ಸೈ. ಬಸ್ಸಿನ ಟಾಪಿನ ಮೇಲೆ ಸಾಮಾನಿನ ಟ್ರಂಕು, ಒಳಗೆ ನಾನು, ನನ್ನ ತೊಡೆಯ ಮೇಲೆ ನನ್ನ ಮಣೆ. ಹೋದಲ್ಲೆಲ್ಲ ಜನರ ಮುಂದೆ ನನ್ನನ್ನು ನಿಲ್ಲಿಸಿ, "ಇಕಿ ನಮ್ಮ ಸೊಸಿ. ಇಕಿಯಂಥ ಅಂಜುಬುರುಕಿ ಈ ಸೀಮಿಯೊಳಗೇ ಇಲ್ಲ" ಎಂದು ಹೆಮ್ಮೆಯಿಂದ ಪರಿಚಯಿಸುತ್ತಿದ್ದರು. ಜನ ಚಪ್ಪಾಳೆ ಬೇರೆ ತಟ್ಟುತ್ತಿದ್ದರು!

ಚಿಂಚೋಳಿ ಕಡೆಯ ಒಂದು ಹಳ್ಳಿಗೆ ಹೋದಾಗ ಮುಖ್ಯ ಅತಿಥಿ ಕರೆಂಟ್ ಆಫೀಸಿನ ಸಾಹೇಬರು. ನಾನು ಎಂದಿನಂತೆ, "ಮೇನ್ ಎಲ್ಲದರಿ?" ಎಂದು ಊರ ಹಿರಿಯರನ್ನು ಕೇಳಿದೆ. ಅವರು ಕಿವಿಯ ಬಳಿ ಬಂದು, "ಮೇನ್ ಗೀನ್ ಎಲ್ಲಿದು ತಂಗಿ, ಕಂಬದ ತಂತಿಗೆ ಕೊಂಡಿ ಹಾಕೀವಿ. ಸಾಹೇಬರಿಗೆ ಹೇಳಬ್ಯಾಡ" ಎಂದರು. ಸರಿ, ಒಣ ಬಿದಿರುಕೋಲು ಹಿಡಿದು ಸುಡುಬಿಸಿಲಲ್ಲಿ ಕಂಬದ ಕೆಳಗೆ ನಿಂತೆ. ಒಳಗೆ ಸಾಹೇಬರ ಮೈಕು ಕುಯ್ಯೋ ಎಂದಿತು. ನಾನು ಬಿಟ್ಟೇನೆಯೇ? ಕೊಂಡಿಗೆ ಒಂದೇಟು! ಭಾಷಣ ನಿಂತಿತು. ಸಾಹೇಬರು ಹೊರಗೆ ಬಂದು ನೋಡಿದರೆ, ಕಂಬ, ಕೋಲು, ಕೆಳಗೆ ಬಿದ್ದ ಕೊಂಡಿ, ನಡುಗುವ ನಾನು.

"ಏನ್ರಿ ಇದು?"

"ಅಂಜಿಕಿ ಬಿಡಸಲಿಕತ್ತೀವಿ ಸರ್" ಎಂದೆ. ಅಷ್ಟರಲ್ಲಿ ಊರ ಹಿರಿಯರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದ್ದರು.

ವರ್ಷಗಳು ಉರುಳಿದವು. ಖೋಲಿಯಲ್ಲಿ ಟೇಪ್ ರೆಕಾರ್ಡರ್ ಹೋಗಿ ಟಿವಿ ಬಂತು, ಟಿವಿ ಹಿಂದೆ ಕಂಪ್ಯೂಟರೂ ಬಂತು. ನಾನು ಮಾತ್ರ ಅದೇ ಮಣೆಯ ಮೇಲೆ. ಒಂದು ದಿನ ಅತ್ತೆ ಶಾಲೆಯಲ್ಲಿ ತಲೆತಿರುಗಿ ಬಿದ್ದರು. ಎದೆಬಡಿತ ತಪ್ಪುತ್ತಿದೆ, ಎದೆಯೊಳಗೆ ಪೇಸ್‌ಮೇಕರ್ ಮಷೀನ್ ಕೂರಿಸಬೇಕು ಎಂದರು ಸೊಲ್ಲಾಪುರದ ಡಾಕ್ಟರು. ಅತ್ತೆ ಕೇಳಿದ ಮೊದಲ ಮಾತು, "ಒಂದು ಮಷೀನ್ ಬಿಚ್ಚಿ ತೋರಸ್ರಿ, ಆಮ್ಯಾಲ ಹಾಕ್ರಿ." ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ.

ಒಳಗೆ ಕರೆದೊಯ್ಯುವಾಗ ಗಾಲಿ ಮಂಚದ ಮೇಲಿಂದ ನನ್ನ ಮುಂಗೈ ಹಿಡಿದರು. ಬಿಡಲೇ ಇಲ್ಲ.

"ಮೇನ್ ಎಲ್ಲದ ನೋಡಿದಿ?"

"ನೋಡೀನ್ರಿ. ಬಾಗಿಲ ಬಾಜೂಕ ಬೋರ್ಡ್ ಅದ." ಖರೆ ಮಾತು, ಒಳಗೆ ಕಾಲಿಡುತ್ತಲೇ ನೋಡಿಕೊಂಡಿದ್ದೆ.

"ನಿನ್ನಷ್ಟೇ ನಾನೂ ಅಂಜುಬುರುಕಿ ನಮ್ಮವ್ವಾ. ನೀ ಬರೋತನಕ ಕರೆಂಟಿನ ಸಾಮಾನು ಮುಟ್ಟಿದ್ದಿಲ್ಲ. ಮನಿಯಾಗ ಎಲ್ಲಾರೂ ಧೈರ್ಯಸ್ಥರು, ಯಾರನ್ನ ನಂಬಿ ಮುಟ್ಟಲಿ? ನೀ ನಿಂತಿರತಿದ್ದಿ ಅಂತ ಮುಟ್ಟತಿದ್ದೆ." ಉಸಿರು ಎಳೆದುಕೊಂಡರು. "ಇಷ್ಟು ವರ್ಷ ಎಳಿಲಿಕ್ಕೆ ನಿಂತಿದ್ದಿ. ಇವತ್ತ ಯಾರೂ ಎಳೀದಂಗ ನಿಂದ್ರು."

ಬಾಗಿಲು ಮುಚ್ಚಿತು. ನಾನು ಆ ಬೋರ್ಡಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ನಿಂತೆ. ನರ್ಸ್ ಬಂದು ಸರಿಯಿರಿ ಎಂದಳು, ಸರಿಯಲಿಲ್ಲ. ಯಜಮಾನರು ಕುರ್ಚಿ ತಂದರು, ಕೂರಲಿಲ್ಲ. ಅಷ್ಟು ಅಂಜಿಕೆ ನನಗೆ ಜನ್ಮದಲ್ಲೇ ಆಗಿರಲಿಲ್ಲ. ಅವ್ವನಂಥ ಅತ್ತೆ ಒಳಗಿದ್ದರು.

ಹೊರಗೆ ತಂದಾಗ ಅತ್ತೆ ಕಣ್ಣು ತೆರೆದು ಮೊದಲು ನನ್ನನ್ನೇ ಹುಡುಕಿದರು.

"ಯಾರೂ ಎಳೀಲಿಲ್ಲಲಾ?"

"ಇಲ್ರಿ ಅತ್ತಿ."

"ಛಲೋ ಆತು" ಎಂದರು. ಒಣಗಿದ ತುಟಿಯಲ್ಲಿ ಸಣ್ಣ ನಗು. "ಇನ್ನ ಕುಂದ್ರವ್ವಾ."