ಟಾಪಿಯೊನ ದೃಷ್ಟಿ ಬದಲಾದ ದಿನ

ಯಾನರುಮಿ ಎಂಬ ಬೆಟ್ಟದೂರಿನಲ್ಲಿ ಇಳಿದುಕೊಂಡಿದ್ದ ಐವರು ಹೊರದೇಶದ ವಿದ್ಯಾರ್ಥಿಗಳಲ್ಲಿ ನಾಲ್ವರು ಬದಲಾಗಿದ್ದರು. ನಿಕನೋರ್ ತೋಪಾಂತನ ಮನೆಯ ಹುಡುಗ ಮಾತ್ರ ಬಂದ ದಿನ ಹೇಗಿದ್ದನೋ ಹಾಗೆಯೇ ಇದ್ದ.

ಈ ಸುದ್ದಿಯನ್ನು ಬೆಳ್ಳಂಬೆಳಗ್ಗೆ ಹೊತ್ತು ತಂದವಳು ದೋನ್ಯಾ ಉಂಬೆಲಿನಾ. ದೋನ್ಯಾ ಎಂದರೆ ಅಮ್ಮಾವ್ರು; ಊರಿನ ಅತಿಥಿ ಸಮಿತಿಗೆ ಆಕೆಯೇ ಅಧ್ಯಕ್ಷೆ. ಆಕೆ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು ಕೂತಳೆಂದರೆ ಮಾತು ಗಂಭೀರವಾದದ್ದು ಎಂದೇ ಅರ್ಥ.

"ಡಾನ್ ನಿಕನೋರ್, ನಿಮ್ಮ ಹುಡುಗನ್ನ ಈಗಷ್ಟೇ ನಲ್ಲಿ ಹತ್ರ ನೋಡಿದೆ. ಇಲ್ಲಿಗೆ ಬಂದ ಮೇಲೆ ನಿನ್ನಲ್ಲಿ ಏನಪ್ಪಾ ಬದಲಾಯ್ತು ಅಂತ ಕೇಳಿದೆ. ಏನಂದ ಗೊತ್ತಾ?"

"ಏನಂದ?"

"ಸ್ವಲ್ಪ ದಪ್ಪ ಆಗಿದೀನಿ ಅಂದ."

ನಿಕನೋರ್ ಕಣ್ಣು ಕಣ್ಣು ಬಿಟ್ಟ. ಒಲೆಯ ಮುಂದೆ ಕೂತಿದ್ದ ಹೆಂಡತಿ ರೊಸಾವ್ರಾ ಊದುಕೊಳವೆಯನ್ನು ಬಾಯಿಂದ ತೆಗೆದಳು.

"ನನ್ನ ಮನೆ ಹುಡುಗಿಯನ್ನ ನೋಡಿ" ಎಂದು ಉಂಬೆಲಿನಾ ಮುಂದುವರಿಸಿದಳು. "ಕೋಳಿ ಕಂಡ್ರೆ ಕಣ್ಣೀರು. ಶಾಲೆ ಹಿಂದಿನ ಮನೆಯವನು, ವಕೀಲಿಕೆ ಓದೋದೇ ಬಿಡ್ತೀನಿ ಅಂತಿದಾನೆ. ಎಲ್ಲಾರೂ ಚೆನ್ನಾಗಿ ಬದಲಾಗಿದಾರೆ. ಸಂಜೆ ಬೀಳ್ಕೊಡುಗೆ ಇದೆ, ವಿದ್ಯಾರ್ಥಿಗಳನ್ನ ಕಳಿಸೋ ಆಫೀಸಿನ ಸೆನ್ಯೊರೀತಾ ರಾಜಧಾನಿ ಕೀಟೊದಿಂದ ಬರ್ತಾಳೆ. ಮುಂದಿನ ವರ್ಷ ನಾಲ್ಕೇ ಜನರನ್ನ ಕಳಿಸೋದಂತೆ. ಅಂದ್ಮೇಲೆ ಒಂದು ಮನೆ ಬಿಡ್ಲೇಬೇಕು. ಯಾವ ಮನೆ ಅಂತ ನಾನು ಹೇಳೋದು ಬೇಡ ಅಲ್ವಾ?"

ಆಕೆ ಟೋಪಿ ಹಾಕಿಕೊಂಡು ಹೋದಳು. ನಿಕನೋರ್ ಅಂಗಳಕ್ಕೆ ಬಂದು ತನ್ನ ಮನೆಯ ಮಾಳಿಗೆಯನ್ನು ನೋಡಿದ. ವರ್ಷಕ್ಕೊಬ್ಬ ವಿದ್ಯಾರ್ಥಿ ಬಂದು ಉಳಿದರೆ, ಅವನ ಊಟ-ವಸತಿಗೆ ಸಿಗುವ ಹಣದಲ್ಲಿ ಮಾಳಿಗೆಯಲ್ಲಿ ಒಂದು ಗೋಡೆ ಏಳುತ್ತಿತ್ತು. ಹಾಗೆ ಮೂರು ಗೋಡೆ ಎದ್ದಿದ್ದವು. ಇನ್ನೊಂದು ಗೋಡೆ ಎದ್ದು, ಮೇಲೆ ತಗಡು ಬಿದ್ದರೆ ಅತ್ತೆ ಸೋಯ್ಲಾ ತನ್ನ ಮಂಚ, ತನ್ನ ಸಂತರ ಪಟಗಳು, ತನ್ನ ರೇಡಿಯೊ ಎಲ್ಲವನ್ನೂ ಹೊತ್ತುಕೊಂಡು ಮೇಲೆ ಹೋಗಬೇಕೆಂದು ಮಾತಾಗಿತ್ತು. ಈಗ ಗಂಡ, ಹೆಂಡತಿ, ಅತ್ತೆ, ರೇಡಿಯೊ ಎಲ್ಲ ಒಂದೇ ಕೋಣೆಯಲ್ಲಿ. ಮದುವೆಯಾದಂದಿನಿಂದ ನಿಕನೋರ್ ಹೆಂಡತಿಯೊಂದಿಗೆ ಒಂದು ಗುಟ್ಟಿನ ಮಾತು ಆಡಿದವನಲ್ಲ. ಆಡಿದ್ದಕ್ಕೆಲ್ಲ ಕತ್ತಲೆಯಲ್ಲಿ ಇನ್ನೊಂದು ಮಂಚದಿಂದ ಉತ್ತರ ಬಂದಿತ್ತು.

ನಿಜ ಹೇಳಬೇಕೆಂದರೆ ಈ ಬದಲಾಗುವ ವಿಷಯ ಅವನಿಗೆ ಎಂದೂ ಬಗೆಹರಿದಿರಲಿಲ್ಲ. ಪ್ರತಿ ವರ್ಷ ಯಾರಾದರೊಬ್ಬರು ಅವನ ಮನೆಯಲ್ಲಿ ಉಂಡು, ಮಲಗಿ, ಕೊನೆಯ ದಿನ ಅವನ ಕೊರಳಿಗೆ ಬಿದ್ದು, "ಬದುಕನ್ನ ನೋಡೋ ದೃಷ್ಟಿಯೇ ಬದಲಾಯ್ತು" ಎಂದು ಗೊಳೋ ಎಂದು ಅಳುತ್ತಿದ್ದರು. ಅವನೂ ಅದೇ ಮನೆಯಲ್ಲಿ ಹುಟ್ಟಿ, ಅದೇ ಆಲೂಗಡ್ಡೆ ತಿಂದು, ಅದೇ ಬಾಗಿಲಿಗೆ ತಲೆ ಚಚ್ಚಿಕೊಂಡು ಬೆಳೆದವನು. ಅವನ ದೃಷ್ಟಿ ಮಾತ್ರ ಇದ್ದಲ್ಲೇ ಇತ್ತು. ಮನೆಯ ಯಾವ ಮೂಲೆಯಲ್ಲಿ ಅದು ಬದಲಾಗುತ್ತದೆ ಎಂದು ಒಮ್ಮೆ ಹಾಸಿಗೆಯನ್ನೂ ಎತ್ತಿ ನೋಡಿದ್ದ.

ಅಷ್ಟರಲ್ಲಿ ಟಾಪಿಯೊ ನೀರಿನ ಬಿಂದಿಗೆ ಹಿಡಿದು ಬಂದು, ಬಾಗಿ ಮನೆಯೊಳಗೆ ಹೋದ. ಫಿನ್ಲೆಂಡಿನ ಹುಡುಗ. ಕಂಬದಂತೆ ಎತ್ತರ, ಕಂಬದಷ್ಟೇ ಮಾತು. ಏನು ಕೊಟ್ಟರೂ, ಏನು ತೋರಿಸಿದರೂ "ಚೆನ್ನಾಗಿದೆ" ಎನ್ನುತ್ತಿದ್ದ. ಬೆಂಕಿ ಉಗುಳುವ ಬೆಟ್ಟ ತೋರಿಸಿದಾಗಲೂ ಅಷ್ಟೇ, ಹಳಸಿದ ಸೂಪು ಕೊಟ್ಟಾಗಲೂ ಅಷ್ಟೇ.

"ಅಳಿಸಿದ್ರೆ ಸಾಕು. ಅತ್ರೆ ಬದಲಾದ ಹಾಗೇ" ಎಂದು ಅತ್ತೆ ಸೋಯ್ಲಾ ಅಳಿಯನ ಬಳಿ ಬಂದು ಪಿಸುಗುಟ್ಟಿದಳು. "ನನಗೆ ಬಿಡಿ."

ಅತ್ತೆ ಹುಡುಗನನ್ನು ಒಲೆಯ ಬಳಿ ಕೂರಿಸಿಕೊಂಡು ತನ್ನ ಗಂಡನ ಸಾವಿನ ಕತೆ ತೆಗೆದಳು. ಗಂಡ ಸಂತೆಗೆ ಹೊರಟದ್ದು, ಮಂಜು ಕವಿದದ್ದು, ಕತ್ತೆ ಕಾಲು ಜಾರಿದ್ದು, ಕತ್ತೆಯನ್ನು ಬಿಡಲಾರದೆ ಅವನೂ ಕಮರಿಗೆ ಉರುಳಿದ್ದು. ಆಕೆಯ ಗಂಡ ಗ್ವಾಯಕಿಲ್‌ನಲ್ಲಿ ಇನ್ನೊಬ್ಬಳೊಂದಿಗೆ ಗುಂಡುಕಲ್ಲಿನಂತೆ ಇದ್ದಾನೆಂದು ಊರಿಗೇ ಗೊತ್ತು. ಆದರೂ ಕತ್ತೆ ಕೊನೆಯ ಸಲ ಕೂಗಿದ ಭಾಗಕ್ಕೆ ಬರುವಾಗ ರೊಸಾವ್ರಾ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡಳು. ನಿಕನೋರ್ ಬಿಕ್ಕಿದ. ಅವನು ಕತ್ತೆಗಳ ವಿಷಯದಲ್ಲಿ ಮೊದಲಿನಿಂದಲೂ ಮೃದು.

ಟಾಪಿಯೊ ಗಲ್ಲಕ್ಕೆ ಕೈ ಕೊಟ್ಟು ಕೇಳುತ್ತಿದ್ದವನು, "ಕಮರಿ ಎಷ್ಟು ಆಳ ಇತ್ತು ಅಜ್ಜಿ?" ಎಂದ.

"ಆಳ ಕಟ್ಕೊಂಡು ಏನೋ ಮಾಡ್ತೀಯ? ಮನುಷ್ಯ ಸತ್ತಿದಾನೆ!"

"ಅಲ್ಲ, ಅಷ್ಟು ಆಳದಿಂದ ಕತ್ತೆ ಕೂಗಿದ್ದು ಕೇಳಿಸ್ತಲ್ಲ, ಅದಕ್ಕೆ."

ಅತ್ತೆ ಎದ್ದು ಹೋಗಿ ರೇಡಿಯೊ ಹಾಕಿದಳು.

ನಿಕನೋರ್ ಪಕ್ಕದ ಮನೆಯ ಓಲ್ಮೆದೊನ ಬಳಿ ಓಡಿದ. ಓಲ್ಮೆದೊನ ಮಗಳ ಜ್ಞಾನಸ್ನಾನದಲ್ಲಿ ನಿಕನೋರ್ ಧರ್ಮತಂದೆಯಾಗಿ ನಿಂತಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕಂಪಾದ್ರೆ. ಕಂಪಾದ್ರೆಯ ಬಳಿ ಎಲ್ಲದಕ್ಕೂ ಸಲಹೆ ಇರುತ್ತಿತ್ತು, ಹಲ್ಲುನೋವಿಗೂ, ಚುನಾವಣೆಗೂ.

"ನೀವು ಅವನನ್ನ ಸುಖವಾಗಿ ಇಟ್ಬಿಟ್ರಿ ಕಂಪಾದ್ರೆ, ಅದೇ ತಪ್ಪು" ಎಂದ ಓಲ್ಮೆದೊ. "ಕಷ್ಟ ತೋರಿಸ್ಬೇಕು. ಮೇಲಿನ ಹುಲ್ಲುಗಾವಲಿಗೆ ಕರ್ಕೊಂಡು ಹೋಗೋಣ. ಆ ಗಾಳಿ, ಆ ಚಳಿ. ಹಳ್ಳದ ನೀರಲ್ಲಿ ಕಾಲಿಡಿಸೋಣ. ಅಯ್ಯೋ, ಈ ಬಡಜನ ಹೆಂಗಪ್ಪಾ ಬದುಕ್ತಾರೆ ಅಂತ ಅಲ್ಲೇ ಕುಸಿದು ಕೂತು ಅಳ್ದಿದ್ರೆ ನನ್ನ ಹೆಸರು ಬದಲಾಯಿಸಿ."

ಮೂವರೂ ಏರಿದರು. ಮೇಲೆ ಗಾಳಿ ಹೆಗಲ ಮೇಲಿನ ಪೊಂಚೊ ಕಂಬಳಿಗಳನ್ನು ಕಿತ್ತುಕೊಂಡು ಹೋಗುವಂತೆ ಬೀಸುತ್ತಿತ್ತು. ಮಂಜಿನ ಬೆಟ್ಟದಿಂದ ನೇರವಾಗಿ ಇಳಿದು ಬಂದ ಹಳ್ಳ ಅದು. ದನಗಳೂ ಅದರಲ್ಲಿ ಯೋಚನೆ ಮಾಡಿಯೇ ಮೂತಿ ಇಡುತ್ತವೆ.

"ದಿನಾ ಇದನ್ನೇ ದಾಟ್ಕೊಂಡು ಹೋಗ್ತೀವಿ ಮಗಾ" ಎಂದು ಸುಳ್ಳು ಹೇಳಿದ ನಿಕನೋರ್. ಊರಿಗೆ ಸೇತುವೆ ಬಂದು ಎಷ್ಟೋ ಕಾಲವಾಗಿತ್ತು. "ಇಳಿದು ನೋಡು, ನಮ್ಮ ಕಷ್ಟ ಗೊತ್ತಾಗುತ್ತೆ."

ಟಾಪಿಯೊನ ಮುಖ ಮೊದಲ ಬಾರಿಗೆ ಅರಳಿತು. ಅವನು ಅಂಗಿ ಕಳಚಿ ಬಂಡೆಯ ಮೇಲಿಟ್ಟು ಕುತ್ತಿಗೆಯವರೆಗೆ ನೀರಿಗಿಳಿದು ಕಣ್ಣು ಮುಚ್ಚಿ ಕೂತ.

"ಚೆನ್ನಾಗಿದೆ" ಎಂದ. "ನಮ್ಮಲ್ಲಿ ಇದಕ್ಕೆ ಮೊದಲು ಐಸ್ ಒಡೀಬೇಕು. ನೀವೂ ಬನ್ನಿ ಡಾನ್ ನಿಕನೋರ್."

"ಬೇಡಪ್ಪಾ, ನಂಗೆ ದಿನಾ ಇದ್ದದ್ದೇ..." ಎನ್ನುತ್ತ ನಿಕನೋರ್ ಹಿಂದೆ ಸರಿದ. ಹಾವಸೆಯ ಕಲ್ಲಿನ ಮೇಲೆ ಕಾಲಿಟ್ಟ. ಮುಂದಿನ ಕ್ಷಣ ಪೊಂಚೊ, ಟೋಪಿ, ಬೂಟುಗಳ ಸಮೇತ ಹಳ್ಳದಲ್ಲಿದ್ದ. ಟಾಪಿಯೊ ಅವನನ್ನು ಒದ್ದೆ ಬೆಕ್ಕನ್ನು ಎತ್ತುವಂತೆ ಎತ್ತಿ ದಡಕ್ಕಿಟ್ಟು, "ಮೊದಲು ಕಾಲು, ಆಮೇಲೆ ತಲೆ. ನೀವು ಉಲ್ಟಾ ಮಾಡಿದ್ರಿ" ಎಂದು ತಿದ್ದಿದ.

ಮನೆಗೆ ಬಂದವನನ್ನು ರೊಸಾವ್ರಾ ಎರಡು ಕಂಬಳಿಗಳಲ್ಲಿ ಸುತ್ತಿ ಒಲೆಯ ಮುಂದೆ ಒರಗಿಸಿದಳು. ಅವನ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಒಳಗಿನಿಂದ ಅತ್ತೆ, "ಅಳಿಯ ದೇವರಂಥವನು. ಹುಡುಗನ್ನ ಅಳಿಸೋಕೆ ಹೋಗಿ ತಾನೇ ತೊಟ್ಟಿಕ್ತಾ ಬಂದ" ಎಂದಳು.

"ಸುಮ್ನಿರಮ್ಮ" ಎಂದು ಗದರಿ ರೊಸಾವ್ರಾ ಗಂಡನ ಕಡೆ ತಿರುಗಿದಳು. "ಹೋದ ವರ್ಷದ ಹುಡುಗಿ ಯಾಕೆ ಅತ್ಲು ನೆನಪಿದೆಯಾ? ಸತ್ತ ಗಂಡನಿಗೂ ಅಲ್ಲ, ಹಳ್ಳಕ್ಕೂ ಅಲ್ಲ. ಊರೋರೆಲ್ಲ ಸೇರಿ ವಿಧವೆ ಲಾವ್ರಿಯಾನಾಳ ಹೊಲದಲ್ಲಿ ಆಲೂಗಡ್ಡೆ ಕಿತ್ತುಕೊಟ್ಟಿದ್ದು ನೋಡಿ ಅತ್ತಿದ್ದು."

ನಿಕನೋರ್‌ನ ಹಲ್ಲುಗಳ ಕಟಕಟ ನಿಂತಿತು. "ಮಿಂಗ!" ಎಂದು ಕೂಗಿದ.

ಒಬ್ಬರ ಕೈಯಲ್ಲಿ ಆಗದ ಕೆಲಸಕ್ಕೆ ಊರೆಲ್ಲ ಕೈ ಹಾಕುವುದೇ ಮಿಂಗ. ಕರೆದವನು ಚೀಚಾ ಎಂಬ ಜೋಳದ ಹೆಂಡ ಕುಡಿಸಬೇಕು, ಬಂದವರು ಗುದ್ದಲಿ ತರಬೇಕು, ಬಾರದವರನ್ನು ವರ್ಷವಿಡೀ ಆಡಿಕೊಳ್ಳಬೇಕು. ಕೆಲಸವೂ ಕಣ್ಣೆದುರಿಗೇ ಇತ್ತು. ವಿದ್ಯಾರ್ಥಿಗಳು ಬಂದಂದಿನಿಂದ ಶಾಲೆಯ ಆವರಣಕ್ಕೆ ಗೋಡೆ ಕಟ್ಟುತ್ತಿದ್ದರು. ಅದು ಮಂಡಿಯೆತ್ತರಕ್ಕೆ ಬಂದು ನಿಂತಿತ್ತು, ಅದೂ ಕುಡುಕ ಮನೆಗೆ ನಡೆದ ದಾರಿಯ ಹಾಗೆ. ಅತಿಥಿಗಳು ಊರಲ್ಲಿರುವಾಗ ಅವರ ಕೆಲಸವನ್ನು ಯಾರೂ ತಿದ್ದಬಾರದು, ಬಸ್ಸು ಹೊರಟ ಮೇಲೆ ಕೆಡವಿ ಸರಿಯಾಗಿ ಕಟ್ಟಬೇಕು ಎಂಬುದು ಊರಿನವರ ಮರ್ಯಾದೆ. ಹಾಗಾಗಿ ಇವತ್ತು ಅದನ್ನು ಮುಟ್ಟದೆ, ಅದು ನಿಂತಲ್ಲಿಂದ ಮುಂದಕ್ಕೆ ಕಟ್ಟುವುದೆಂದಾಯಿತು.

ಅತ್ತೆ ತನ್ನ ಹುಟ್ಟುಹಬ್ಬಕ್ಕೆಂದು ಹುದುಗಿಸಿಟ್ಟಿದ್ದ ಚೀಚಾದ ಪೀಪಾಯಿಯನ್ನು ನಿಕನೋರ್ ಉರುಳಿಸಿಕೊಂಡು ಹೋದ. ಉಂಬೆಲಿನಾ ಧ್ವನಿವರ್ಧಕದಲ್ಲಿ ಕೂಗಿದಳು. ಮಧ್ಯಾಹ್ನಕ್ಕೆ ಶಾಲೆಯ ಬಯಲಿನಲ್ಲಿ ಊರಿಗೆ ಊರೇ ನೆರೆದಿತ್ತು. ಗಂಡಸರು ಮಣ್ಣು ಕಲಸಿದರು, ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ಇಟ್ಟಿಗೆ ದಾಟಿಸಿದರು, ಬೆನ್ನ ಮೇಲೆ ಕೂಸು ಕಟ್ಟಿಕೊಂಡವರೂ ಬಿಡಲಿಲ್ಲ. ಹಾಡು ಶುರುವಾಯಿತು. ಪೀಪಾಯಿ ಅರ್ಧಕ್ಕೆ ಇಳಿಯುವ ಹೊತ್ತಿಗೆ ಮರ್ಯಾದೆಯ ನೆನಪು ಯಾರಿಗೂ ಉಳಿದಿರಲಿಲ್ಲ.

"ಯಾವನ್ರೀ ಇದನ್ನ ಕಟ್ಟಿದ್ದು, ಕಣ್ಣು ಮುಚ್ಕೊಂಡು ಕಟ್ಟಿದ್ನಾ?" ಎಂದು ಓಲ್ಮೆದೊ ಹಳೆಯ ಗೋಡೆಗೆ ಒಂದು ಒದೆ ಕೊಟ್ಟ.

"ಕಂಪಾದ್ರೆ, ಅದನ್ನ ಮುಟ್ಬೇಡಿ!" ಎಂದು ನಿಕನೋರ್ ಓಡಿ ಬರುವಷ್ಟರಲ್ಲಿ ಗೋಡೆ ಮಲಗಿತ್ತು, ಅದರ ಕೊನೆಯ ಇಟ್ಟಿಗೆ ನಿಕನೋರ್‌ನ ಹೆಬ್ಬೆರಳಿನ ಮೇಲೆ ಬಿದ್ದಿತ್ತು. ಅವನು ಒಂಟಿ ಕಾಲಲ್ಲಿ ಕುಣಿಯುವುದನ್ನು ಕಂಡು ಜನ ಖುಷಿಯಿಂದ ಕುಣಿಯುತ್ತಿದ್ದಾನೆಂದು ಚಪ್ಪಾಳೆ ತಟ್ಟಿದರು.

ಬಿಸಿಲು ಇಳಿಯುವ ಮುನ್ನ ಎದೆಯೆತ್ತರದ ಗೋಡೆ ನೆಟ್ಟಗೆ ನಿಂತಿತು. ಹೆಂಗಸರು ನೆಲದ ಮೇಲೆ ಉದ್ದಕ್ಕೆ ಬಟ್ಟೆ ಹಾಸಿ ಬೇಯಿಸಿದ ಜೋಳ, ಆಲೂಗಡ್ಡೆ, ಅವರೆ ಸುರಿದರು. ಎಲ್ಲರೂ ಸುತ್ತ ಕೂತು ಕೈಯಿಂದ ಬಾಚಿ ತಿಂದರು. ಟಾಪಿಯೊ ತಿನ್ನಲಿಲ್ಲ. ಹೊಸ ಗೋಡೆಯನ್ನು ನೋಡಿದ. ಊರವರನ್ನು ನೋಡಿದ. ಅಂಗೈ ಬಿಡಿಸಿ ಬೊಬ್ಬೆಗಳನ್ನು ನೋಡಿಕೊಂಡ. ಆಮೇಲೆ ಅವನ ಬಿಳಿ ರೆಪ್ಪೆಯಿಂದ ಒಂದು ಹನಿ ಇಳಿಯಿತು, ಅದರ ಹಿಂದೆ ಇನ್ನೊಂದು.

ನಿಕನೋರ್‌ಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಕುಂಟುತ್ತ ಹೋಗಿ ಉಂಬೆಲಿನಾಳನ್ನು ಎಳೆದು ತಂದ. "ನೋಡಿ ದೋನ್ಯಾ! ಎರಡೂ ಕಣ್ಣಲ್ಲಿ! ನಿಮ್ಮ ಹುಡುಗಿಯ ಕೋಳಿ ಕಣ್ಣೀರು ಇದರ ಮುಂದೆ ಏನ್ ಮಹಾ?"

ಉಂಬೆಲಿನಾ ಹತ್ತಿರ ಬಾಗಿ ಪರೀಕ್ಷಿಸಿದಳು. "ಹೂಂ, ನಿಜವಾದ್ದೇ" ಎಂದು ಒಪ್ಪಿಕೊಂಡಳು.

ಸಂಜೆ ಸಮುದಾಯ ಭವನದಲ್ಲಿ ಬೀಳ್ಕೊಡುಗೆ. ಕೀಟೊದ ಸೆನ್ಯೊರೀತಾ ಮುಂದಿನ ಸಾಲಿನಲ್ಲಿ ಕೂತಿದ್ದಳು. ನಾಲ್ವರು ವಿದ್ಯಾರ್ಥಿಗಳು ಬಂದು ತಾವು ಬದಲಾದ ಬಗೆ ಹೇಳಿ ಅತ್ತರು, ಮನೆಯವರೂ ಅತ್ತರು. ಕೊನೆಗೆ ಟಾಪಿಯೊ ಎದ್ದ. ನಿಕನೋರ್ ಹೆಂಡತಿಯ ಕೈ ಹಿಡಿದುಕೊಂಡ. ತನ್ನ ಮನಸ್ಸಿನಲ್ಲಿ ಅವನು ಆಗಲೇ ತಗಡು ಹೊದಿಸುತ್ತಿದ್ದ.

"ನಾನು ಹೆಚ್ಚು ಮಾತಾಡೋನಲ್ಲ" ಎಂದ ಟಾಪಿಯೊ. "ಬರುವಾಗ ಇಲ್ಲಿಯವರಿಗೆ ನನ್ನ ಸಹಾಯ ಬೇಕು ಅಂತ ಬಂದೆ. ನಾವು ಐದು ಜನ ಇಷ್ಟು ದಿನದಲ್ಲಿ ಕಟ್ಟಿದ್ದನ್ನ ನೀವು ಒಂದು ಒದೆಯಲ್ಲಿ ಕೆಡವಿ, ಒಂದು ಮಧ್ಯಾಹ್ನದಲ್ಲಿ ಸರಿಯಾಗಿ ಕಟ್ಟಿದ್ರಿ. ನನ್ನ ದೃಷ್ಟಿ ಬದಲಾಯ್ತು."

ಸಭೆ ನಿಟ್ಟುಸಿರಿಟ್ಟಿತು. ಸೆನ್ಯೊರೀತಾ ಕರವಸ್ತ್ರ ತೆಗೆದಳು. ನಿಕನೋರ್ ಸುತ್ತ ತಿರುಗಿ ಎಲ್ಲರಿಗೂ ತಲೆ ಬಾಗಿಸಿದ.

"ನಮ್ಮಜ್ಜಿಯ ಊರಲ್ಲೂ ಇದೇ ಪದ್ಧತಿ ಇತ್ತು. ತಾಲ್ಕೋತ್ ಅಂತ ಕರೀತಿದ್ರು. ಈಗ ಯಾರೂ ಮಾಡಲ್ಲ. ಅಜ್ಜಿಯ ಸೂರು ಸೋರ್ತಾ ಇದೆ, ನಾನು ಭೂಮಿ ಸುತ್ತಿ ಬಂದು ಇಲ್ಲಿ ಸೊಟ್ಟ ಗೋಡೆ ಕಟ್ತಾ ಇದೀನಿ. ನಾವು ಐದೂ ಜನ ಮಾತಾಡಿಕೊಂಡ್ವಿ. ನಮ್ಮ ಪ್ರೊಫೆಸರನ್ನ ನಿದ್ದೆಯಿಂದ ಎಬ್ಬಿಸಿ ಫೋನಲ್ಲೇ ಹೇಳಿದೆ. ಅವರಿಗೂ ಸರಿ ಅನ್ನಿಸ್ತು. ಮುಂದಿನ ವರ್ಷದಿಂದ ನಮ್ಮ ಯೂನಿವರ್ಸಿಟಿಯಿಂದ ಯಾರೂ ಇಲ್ಲಿಗೆ ಬರಲ್ಲ. ಎಲ್ಲರೂ ಅವರವರ ಅಜ್ಜಿಯ ಊರಿಗೆ ಹೋಗ್ತಾರೆ. ಇದನ್ನೆಲ್ಲ ನನಗೆ ಕಲಿಸಿದವರು ಡಾನ್ ನಿಕನೋರ್. ಇವತ್ತು ಮಿಂಗ ಕರೆದವರು ಅವರೇ."

ಟೋಪಿಗಳು ಒಂದೊಂದಾಗಿ ನಿಕನೋರ್‌ನ ಕಡೆ ತಿರುಗಿದವು. ಉಂಬೆಲಿನಾಳ ಟೋಪಿ ಮಂಡಿಯ ಮೇಲಿಳಿಯಿತು. ಓಲ್ಮೆದೊ ಕೂತಲ್ಲಿಂದ ಎದ್ದು ಎರಡು ಕುರ್ಚಿ ಆಚೆ ಹೋಗಿ, ಈ ಮನುಷ್ಯನ ಪರಿಚಯವೇ ತನಗಿಲ್ಲವೆಂಬಂತೆ ಕೂತ.

ನಿಕನೋರ್‌ಗೆ ಅಳು ಉಕ್ಕಿ ಬಂತು. ತಡೆಯಲು ನೋಡಿದ, ಆಗಲಿಲ್ಲ. ಅವನು ಬಾಯಿಗೆ ಟೋಪಿ ಒತ್ತಿಕೊಂಡು ಹೋ ಎಂದು ಅತ್ತ, ಆ ಸಂಜೆ ಬೇರೆ ಯಾರೂ ಅಳದಷ್ಟು.

ಟಾಪಿಯೊ ಬಂದು ಪಕ್ಕದಲ್ಲಿ ಕೂತು ಅವನ ಹೆಗಲ ಮೇಲೆ ಕೈ ಇಟ್ಟ. ಬಾಗಿ ಅವನ ಮುಖವನ್ನೇ ಬಹಳ ಹೊತ್ತು ಕುತೂಹಲದಿಂದ ನೋಡಿದ.

"ಡಾನ್ ನಿಕನೋರ್," ಎಂದ ಮೆಲ್ಲಗೆ, "ನಿಮ್ಮ ದೃಷ್ಟಿಯೂ ಬದಲಾಯ್ತಾ?"