ಹಗ್ಗ ಬಿಚ್ಚಿದ ಸೂರ್ಯ

ಟಿಕೋಟಾದ ನಮ್ಮ ಸೋದರಮಾವ ನನ್ನ ಜೀವ ತೆಗೆಯಲು ಹೊರಟದ್ದು ಆಸ್ತಿಗಾಗಿ ಅಲ್ಲ, ಖಗೋಳಶಾಸ್ತ್ರಕ್ಕಾಗಿ. ಆಸ್ತಿಗಾಗಿ ಆಗಿದ್ದರೆ ಕೋರ್ಟಿಗಾದರೂ ಹೋಗಬಹುದಿತ್ತು!

ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದಿದ್ದೆ, ಎರಡನೆಯ ದೊಡ್ಡ ಯುದ್ಧ ಇನ್ನೂ ನಡೆದಿತ್ತು. ಪೇಟೆಯಲ್ಲಿ ಬೆಲ್ಲ ಕಟ್ಟಿಕೊಟ್ಟ ಮರಾಠಿ ಪತ್ರಿಕೆಯ ಹಾಳೆಯೊಂದನ್ನು ಮಾವ ಓದಿದ. ಆಕಾಶಗಂಗೆ ಸುತ್ತುತ್ತಿರುವ ನಕ್ಷತ್ರಗಳ ರಾಶಿ, ನಮ್ಮ ಸೂರ್ಯ ಅದರ ನಡುವೆ ಇಲ್ಲ, ಎಲ್ಲೋ ಹೊರಗಿನ ಸುತ್ತಿನಲ್ಲಿದ್ದಾನೆ, ಅಂಥ ಆಕಾಶಗಂಗೆಗಳೂ ಲೆಕ್ಕವಿಲ್ಲದಷ್ಟಿವೆ ಎಂದು ಅದರಲ್ಲಿತ್ತಂತೆ. ಅಲ್ಲಿಗೆ ಜನರ ನೆಮ್ಮದಿ ಹೋಯಿತು. ಬಬಲೇಶ್ವರದ ಸಂತೆಯಲ್ಲಿ ಒಬ್ಬನನ್ನು ತಡೆದು, "ನೀವ್ ಎಲ್ಲಿ ನಿಂತೀರಿ ಗೊತ್ತೈತೇನ್ರಿ?" ಎಂದು ಕೇಳಿದ. "ಬದನಿಕಾಯಿ ಮುಂದ ನಿಂತೇನ್ರಿ," ಎಂದವನಿಗೆ ಉರಿಬಿಸಿಲಿನಲ್ಲಿ ವಿಶ್ವದರ್ಶನ. ಗೋಳಗುಮ್ಮಟ ಹತ್ತಿ, "ನಾವ್ ಅಂಚಿನ್ಯಾಗ ಅದೀವಿ" ಎಂದು ಕೂಗಿದ. ಗುಮ್ಮಟ ಅದನ್ನೇ ಮತ್ತೆ ಮತ್ತೆ ಹೇಳಿತು. "ನೋಡು, ಬಾದಶಾಹನ ಗುಮ್ಮಟಾನೂ ಒಪ್ಪಿತು," ಎಂದು ನನ್ನತ್ತ ತಿರುಗಿದ.

ನಾನು ಒಪ್ಪಲಿಲ್ಲ. ಇಷ್ಟು ಓದಿ ಬಂದವನನ್ನು ಅಂಚಿಗೆ ತಳ್ಳುವುದೆಂದರೇನು?

"ಕಣಕ್ಕ ಬಾ, ತೋರಸ್ತೀನಿ," ಎಂದ.

ಕಣದ ನಡುವಿನ ಮೇಟಿಗಂಬಕ್ಕೆ ಕಟ್ಟಿದ ಎತ್ತುಗಳ ಸಾಲು ಜೋಳದ ತೆನೆ ತುಳಿಯುತ್ತ ಸುತ್ತುತ್ತಿತ್ತು.

"ಇದು ಆಕಾಶಗಂಗಾ. ಕಡೀ ಎತ್ತು ಸೂರ್ಯ. ನೀ ಭೂಮಿ, ಅದರ ಸುತ್ತ ತಿರುಗು. ಕೈಯಾಗಿನ ಛತ್ರಿ ಬಿಚ್ಚಿ ಗರಗರ ತಿರುವು. ಭೂಮಿ ತನ್ನಷ್ಟಕ್ಕ ತಾನೂ ತಿರಗತೈತಿ."

"ಮಾಮಾ, ನಡುವ ಹಗ್ಗ ಐತಿ. ಹೆಂಗ ಸುತ್ತಲಿ?"

"ಸೂರ್ಯಗ ಯಾರ್ ಹಗ್ಗ ಕಟ್ಟ್ಯಾರಲೇ?"

ಎತ್ತು ಹೊಡೆಯುತ್ತಿದ್ದ ಆಳು "ಬ್ಯಾಡ್ರಿ ಸಾವಕಾರ್ರ" ಎನ್ನುವಷ್ಟರಲ್ಲಿ ಮಾವ ಹಗ್ಗ ಬಿಚ್ಚಿಯೇಬಿಟ್ಟ.

ಹೊರಗಿನ ತುದಿಗೆ ಎಲ್ಲಕ್ಕಿಂತ ಚುರುಕಾದ ಎತ್ತನ್ನು ಕಟ್ಟುತ್ತಾರೆಂದು ಯಾರಿಗೆ ಗೊತ್ತಿಲ್ಲ? ಅದರ ಮೂತಿಯ ಮುಂದೆ ನನ್ನ ಕರಿ ಛತ್ರಿ ಫಟ್ಟನೆ ಅರಳಿತು. ಇಂದಿಗೂ ಛತ್ರಿ ಬಿಚ್ಚಿದರೆ ಅದೇ ಬರುತ್ತದೆ: ಧೂಳು, ಕೋಡು, ಮುಖದ ಮೇಲೆ ಬಿಸಿ ಉಸಿರು. ಹಾಗಾಗಿ ಮಳೆಯಲ್ಲಿ ನೆನೆದುಕೊಂಡೇ ಓಡಾಡುತ್ತೇನೆ. ಯಾರ ಕೃಪೆ?

ಬಿದ್ದೆ. ಕೋಡು ಮಾತ್ರ ನನ್ನನ್ನು ಮುಟ್ಟಲಿಲ್ಲ. ನಡುವೆ ಮಾವ ಬಂದಿದ್ದ. ಅವನ ತೋಳು ಸೀಳಿತ್ತು.

ತೋಳಿಗೆ ರುಮಾಲು ಬಿಗಿದು, ಆಳು ಹೂಡಿದ ಚಕ್ಕಡಿಯಲ್ಲಿ ವಿಜಾಪುರದ ದವಾಖಾನೆಗೆ ಹೊರಟೆವು. ದಾರಿಯುದ್ದಕ್ಕೂ ಅವನನ್ನೂ ಅವನ ಆಕಾಶಗಂಗೆಯನ್ನೂ ಬೈದೆ. ಒಂದು ಕಡೆ ಗಾಲಿ ಕುಣಿಗೆ ಇಳಿದು ನಾನು ಹೊರಕ್ಕೆ ಜಾರಿದಾಗ, ಮಾವ ನೆಟ್ಟಗಿದ್ದ ಕೈಯಿಂದ ನನ್ನ ಅಂಗಿ ಹಿಡಿದು ಒಳಗೆಳೆದ.

"ಅಲ್ಲಿ ಬ್ಯಾಡಪಾ. ನೀ ನಡುವ ಕುಂದರು. ಅಂಚಿನ್ಯಾಗ ನಾ ಕುಂದರತೀನಿ."